ಟ್ರೇಲರಿನಲ್ಲಿ ಕನ್ನಡ ಎಷ್ಟು ಸೆಕೆಂಡು?

ಕಳೆದ ವರ್ಷ ನಮ್ಮ ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ಮಾಧ್ಯಮ ಪ್ರಾಜೆಕ್ಟ್ ಕೊಟ್ಟಿದ್ದೆವು. ತಾವೇ ಬರೆದ ಒಂದು ಸಣ್ಣ ಕತೆಗೆ ಒಂದೂವರೆ ನಿಮಿಷದ ಟ್ರೇಲರ್ ಮಾಡಬೇಕು, ಜೊತೆಗೆ ಶಾಲಾ ಪತ್ರಿಕೆಗೊಂದು ಮುಖಪುಟ ತಯಾರಿಸಬೇಕು. ಅದಕ್ಕೂ ಮೊದಲು ಒಂದಷ್ಟು ಟ್ರೇಲರುಗಳನ್ನೂ ಮುಖಪುಟಗಳನ್ನೂ ಅಭ್ಯಾಸ ಮಾಡಿ ಟಿಪ್ಪಣಿ ಬರೆದು ತನ್ನಿ ಅಂದೆವು. ವಾರ ಕಳೆದ ಮೇಲೆ ಪುಸ್ತಕಗಳು ಬಂದವು. ಬಿಡಿಸಿ ನೋಡಿದರೆ ಏನಿದೆ? ಅಂತರ್ಜಾಲದಿಂದ ಇಳಿಸಿ, ಬಣ್ಣದಲ್ಲಿ ಪ್ರಿಂಟ್ ತೆಗೆಸಿ, ಅಂಟಿಸಿದ ಚಿತ್ರಗಳು! ಎಲ್ಲರ ಪುಸ್ತಕದಲ್ಲೂ ಅದೇ ಮೂರು ನಾಲ್ಕು ದೊಡ್ಡ ಸಿನಿಮಾ, ಅದೇ ಇಂಗ್ಲಿಷ್ ಫ್ಯಾಷನ್ ಪತ್ರಿಕೆಗಳ ಮುಖಪುಟ. ಕೆಳಗೆ ಒಂದೊಂದು ಸಾಲು: 'ಇದು ತುಂಬ ಆಕರ್ಷಕವಾಗಿದೆ.' 'ಬಣ್ಣಗಳನ್ನು ಚೆನ್ನಾಗಿ ಬಳಸಿದ್ದಾರೆ.'

ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಅಭ್ಯಾಸ ಮಾಡಿ ಅಂದೆವೇ ಹೊರತು, ಏನನ್ನು ನೋಡಬೇಕು, ಹೇಗೆ ನೋಡಬೇಕು ಎಂದು ನಾವು ಹೇಳಿರಲಿಲ್ಲ. ನಮಗೂ ಸರಿಯಾಗಿ ಗೊತ್ತಿರಲಿಲ್ಲ ಅನ್ನುವುದೇ ನಿಜ. ಆಮೇಲಿನ ಎರಡು ತಿಂಗಳಲ್ಲಿ ನಾವೂ ಮಕ್ಕಳ ಜೊತೆ ಕುಳಿತು ಕಲಿತೆವು. ಕಲಿತದ್ದು ಕೊನೆಗೆ ನಮ್ಮ ಮೇಲೆಯೇ ತಿರುಗಿ ಬಿತ್ತು. ಆ ಕತೆಯನ್ನು ಗಡಿನಾಡಿನ ಉಳಿದ ಕನ್ನಡ ಶಾಲೆಗಳವರಿಗೂ ಹೇಳಬೇಕು ಅನಿಸಿ ಈ ಬರಹ.

ಮೊದಲು ಮಕ್ಕಳು ಮಾಡಿದ ಮೊದಲ ಟ್ರೇಲರಿನ ವಿಷಯ ಹೇಳುತ್ತೇವೆ. ಕತೆ ಚೆನ್ನಾಗಿತ್ತು. ಮಳೆಗಾಲದಲ್ಲಿ ತೋಡಿನ ಕಾಲುಸಂಕ ಕೊಚ್ಚಿಹೋಗಿ ಶಾಲೆಗೆ ಬರಲಾಗದ ಅಕ್ಕ ತಂಗಿಯರ ಕತೆ. ಟ್ರೇಲರ್ ನೋಡಿದರೆ ಮಾತ್ರ ಕತೆ ಎಲ್ಲಿಗೋ ಹೋಗಿತ್ತು. ಒಬ್ಬ ಹುಡುಗ ಕಪ್ಪು ಕನ್ನಡಕ ಹಾಕಿಕೊಂಡು ನಿಧಾನವಾಗಿ ನಡೆದು ಬರುತ್ತಾನೆ. ಹಿಂದೆ ಡ್ರಮ್ಮಿನ ಸದ್ದು. ತೆರೆ ಕಪ್ಪಾಗಿ ಇಂಗ್ಲಿಷಿನಲ್ಲಿ ಅಕ್ಷರಗಳು. ನಾವೆಲ್ಲ ಕೂತು ಎಣಿಸಿದೆವು. ತೊಂಬತ್ತು ಸೆಕೆಂಡಿನಲ್ಲಿ 38 ಶಾಟ್. ಅದರಲ್ಲಿ 11 ಆ ಹುಡುಗನ ನಡಿಗೆ. ಅಕ್ಕ ತಂಗಿಯರು ಕಾಣಿಸುವುದು ಆರು ಶಾಟಿನಲ್ಲಿ, ಬಾಯಿ ಬಿಡುವುದು ಒಂದೇ ಸಲ: 'ಅಮ್ಮಾ!' ಲೆಕ್ಕವನ್ನು ಬೋರ್ಡಿನ ಮೇಲೆ ಬರೆದಾಗ ತರಗತಿಯೆಲ್ಲ ನಕ್ಕಿತು. ಕತೆ ಬರೆದ ಹುಡುಗಿ ನಗಲಿಲ್ಲ. "ಸರ್, ಇದು ನನ್ನ ಕತೆಯೇ ಅಲ್ಲ" ಅಂದಳು.

ಆ ಮಾತಿನಿಂದ ನಮ್ಮ ಅಭ್ಯಾಸ ಶುರುವಾಯಿತು. ಟ್ರೇಲರ್ ಅಂದರೆ ಸಿನಿಮಾದ ಸಾರಾಂಶವಲ್ಲ, ಒಂದು ಭರವಸೆ. ಬಂದರೆ ಇಂಥದ್ದು ಸಿಗುತ್ತದೆ ಎಂದು ಕೊಡುವ ಮಾತು. ಟ್ರೇಲರ್ ಎಂಬ ಪದಕ್ಕೆ ಹಿಂದೆ ಎಳೆದುಕೊಂಡು ಬರುವಂಥದ್ದು ಎಂದರ್ಥ. ಮೊದಮೊದಲು ಅದನ್ನು ತೋರಿಸುತ್ತಿದ್ದದ್ದು ಸಿನಿಮಾ ಮುಗಿದ ಮೇಲೆ. ಈ ಬಗೆಯ ಜಾಹೀರಾತಿನ ತೀರಾ ಹಳೆಯ ಉದಾಹರಣೆಯೆಂದು ಹೇಳುವುದು 1913ರಲ್ಲಿ ನ್ಯೂಯಾರ್ಕಿನ ಚಿತ್ರಮಂದಿರಗಳಲ್ಲಿ ತೋರಿಸಿದ ಒಂದು ತುಣುಕನ್ನು. ಅದೂ ಸಿನಿಮಾದ್ದಲ್ಲ, ನಾಟಕದ್ದು. ಆಲ್ಫ್ರೆಡ್ ಹಿಚ್‌ಕಾಕ್ 1960ರ 'ಸೈಕೋ' ಚಿತ್ರಕ್ಕೆ ಆರು ನಿಮಿಷಕ್ಕೂ ಮಿಕ್ಕಿದ ಟ್ರೇಲರ್ ಮಾಡಿದ. ಸಿನಿಮಾದ ದೃಶ್ಯಗಳನ್ನು ಪೋಣಿಸುವ ಬದಲು ತಾನೇ ಆ ಮನೆಯನ್ನೆಲ್ಲ ಸುತ್ತಿ ತೋರಿಸಿದ. ಕೊನೆಗೆ ಸ್ನಾನಗೃಹದ ಪರದೆ ಸರಿಸಿದಾಗ ಕಿರುಚುವವಳು ಚಿತ್ರದಲ್ಲಿ ಅಲ್ಲಿ ಸಾಯುವ ನಟಿಯಲ್ಲ, ಇನ್ನೊಬ್ಬಳು! ಟ್ರೇಲರಿನಲ್ಲಿ ಕಂಡದ್ದೆಲ್ಲ ಸಿನಿಮಾದಲ್ಲಿ ಇರಲೇಬೇಕೆಂದಿಲ್ಲ ಎಂದು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಸುಲಭದ ಉದಾಹರಣೆ ನಮಗೆ ಸಿಗಲಿಲ್ಲ.

ಹಾಗಾದರೆ ನೋಡುವುದು ಹೇಗೆ? ನಾವು ಪುಸ್ತಕದಲ್ಲಿ ಐದು ಕಲಂ ಎಳೆಸಿದೆವು. ಎಷ್ಟನೇ ಸೆಕೆಂಡು, ಯಾರು ಕಾಣುತ್ತಾರೆ, ಯಾರು ಮಾತಾಡುತ್ತಾರೆ, ಯಾವ ಭಾಷೆಯಲ್ಲಿ, ತೆರೆಯ ಮೇಲೆ ಯಾವ ಅಕ್ಷರ. ಒಂದೇ ಟ್ರೇಲರನ್ನು ಮೂರು ಸಲ ನೋಡಬೇಕು. ಒಮ್ಮೆ ಸದ್ದು ಮುಚ್ಚಿ, ಒಮ್ಮೆ ಕಣ್ಣು ಮುಚ್ಚಿ, ಕೊನೆಗೆ ಎರಡೂ ತೆರೆದು. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ಯೂಟ್ಯೂಬಿನಲ್ಲಿ ನಿಲ್ಲಿಸಿಟ್ಟು ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದೊಂದೇ ಚೌಕಟ್ಟು ಮುಂದೆ ಹೋಗುತ್ತದೆ. ವಿಎಲ್‌ಸಿ ಪ್ಲೇಯರಿನಲ್ಲಾದರೆ 'ಇ' ಕೀಲಿ. ಇಷ್ಟಕ್ಕೆ ಹೊಸ ಉಪಕರಣ ಏನೂ ಬೇಡ, ಶಾಲೆಯ ಗಣಕಯಂತ್ರ ಸಾಕು. ಸದ್ದು ಮುಚ್ಚಿ ನೋಡಿದಾಗ ಮಕ್ಕಳಿಗೆ ಮೊದಲು ಹೊಳೆದದ್ದು, ಮೈ ಜುಂ ಅನ್ನಿಸುತ್ತಿದ್ದದ್ದು ಚಿತ್ರವಲ್ಲ, ಸಂಗೀತ ಅಂತ.

ಆಮೇಲೆ ಯಾವ ಟ್ರೇಲರ್ ನೋಡುವುದು ಎಂಬ ಪ್ರಶ್ನೆ. ದೂರದ್ದನ್ನು ಬಿಟ್ಟು ನಮ್ಮ ಊರಿನದ್ದನ್ನೇ ತೆಗೆದುಕೊಳ್ಳೋಣ ಎಂದು ತೀರ್ಮಾನಿಸಿದೆವು. ಕಾಸರಗೋಡು ಅಂದಾಗ ಕನ್ನಡದವರಿಗೆ ನೆನಪಾಗುವ ಸಿನಿಮಾ ರಿಷಬ್ ಶೆಟ್ಟಿಯವರ 'ಸರಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ'. 2018ರ ಆಗಸ್ಟಿನಲ್ಲಿ ಬಂತು, ಆ ವರ್ಷದ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಮುಚ್ಚುವ ಭೀತಿಯಲ್ಲಿರುವ ಕನ್ನಡ ಶಾಲೆಯ ಕತೆ, ಅಂದರೆ ನಮ್ಮದೇ ಕತೆ. ಇತ್ತ ಮಲಯಾಳದಲ್ಲಿ 2017ರ 'ತೊಂಡಿಮುದಲುಂ ದೃಕ್‌ಸಾಕ್ಷಿಯುಂ', 2021ರ 'ತಿಂಗಳಾಳ್ಚ ನಿಶ್ಚಯಂ', 2022ರ 'ನ್ನಾ ತಾನ್ ಕೇಸ್ ಕೊಡ್'. ಮೂರೂ ಕಾಸರಗೋಡು ಜಿಲ್ಲೆಯ ನೆಲದಲ್ಲಿ ನಡೆಯುವ ಕತೆಗಳು. ಕೊನೆಯ ಎರಡರಲ್ಲಂತೂ ಇಲ್ಲಿಯ ಮಲಯಾಳದ ಆಡುಮಾತೇ ಚಿತ್ರದ ಜೀವ.

ನಾಲ್ಕನ್ನೂ ಐದು ಕಲಮ್ಮಿಗೆ ಇಳಿಸಿದ ಮೇಲೆ ತರಗತಿಯಲ್ಲಿ ಜೋರು ಚರ್ಚೆಯಾಯಿತು. ಮಲಯಾಳ ಮನೆಮಾತಿನ ಮಕ್ಕಳಿಗೆ ತಮ್ಮ ಅಜ್ಜಿ ಆಡುವ ಮಾತು ಟ್ರೇಲರಿನಲ್ಲಿ ಕೇಳಿ ಖುಷಿ. ಕನ್ನಡ ಚಿತ್ರ ನೋಡಿ ಎಲ್ಲರಿಗೂ ಖುಷಿ, ಜೊತೆಗೆ ಒಂದು ಸಣ್ಣ ತಕರಾರು: "ನಮ್ಮಲ್ಲಿ ಶಾಲೆಗೆ ಜಿ.ಯು.ಪಿ.ಎಸ್. ಅಂತ ಅಲ್ವಾ ಸರ್ ಬೋರ್ಡಲ್ಲಿರುವುದು?" ಆ ಚಿತ್ರದ ಶಾಲೆ ಚಿತ್ರೀಕರಣವಾದದ್ದು ಗಡಿಯಾಚೆ ಕೈರಂಗಳದಲ್ಲಿ ಎಂದು ಹೇಳಿದಾಗ ಕೆಲವರ ಮುಖ ಸಪ್ಪಗಾಯಿತು. ಅದರಲ್ಲಿ ತಪ್ಪೇನಿಲ್ಲ, ಸಿನಿಮಾದಲ್ಲಿ ಒಂದು ಊರು ಇನ್ನೊಂದು ಊರಿನ ವೇಷ ಹಾಕುವುದು ಇದ್ದದ್ದೇ ಎಂದು ಸಮಾಧಾನ ಹೇಳಿದೆವು. ಆದರೆ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ್ದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ತರಗತಿಯಲ್ಲಿ ಕನ್ನಡ, ಇಷ್ಟನ್ನೂ ಒಂದೇ ದಿನದಲ್ಲಿ ಆಡುವ ನಮ್ಮಂಥವರು ಯಾವ ಟ್ರೇಲರಿನಲ್ಲಿದ್ದಾರೆ? ಸಪ್ತಭಾಷಾ ಸಂಗಮ ಭೂಮಿ ಎಂದು ಪ್ರತೀ ಸಮಾರಂಭದಲ್ಲೂ ಭಾಷಣ ಮಾಡುವವರು ನಾವು. ಆ ಸಂಗಮವನ್ನು ಒಂದೂವರೆ ನಿಮಿಷದಲ್ಲಿ ತೋರಿಸಿ ಅಂದರೆ ನಮ್ಮ ಹತ್ತಿರ ಒಂದು ಚಿತ್ರವೂ ಇಲ್ಲ.

ಮುಖಪುಟದ ಅಭ್ಯಾಸ ಇನ್ನೂ ಸ್ವಾರಸ್ಯವಾಗಿತ್ತು. ಅಂತರ್ಜಾಲ ಮುಟ್ಟಬೇಡಿ, ಮನೆಯ ಅಟ್ಟ ಹುಡುಕಿ ಅಂದೆವು. ಗೆದ್ದಲು ಹಿಡಿದದ್ದು, ಪಾಠಪುಸ್ತಕಕ್ಕೆ ಬೈಂಡು ಹಾಕಿದ್ದು, ಅಕ್ಕಿ ಡಬ್ಬದ ಅಡಿಗೆ ಹಾಸಿದ್ದು, ಹೀಗೆ ಮೂರು ಗೋಣಿ ತುಂಬ ಹಳೆಯ ಪತ್ರಿಕೆಗಳು ಬಂದವು. ಸುಧಾ, ಮಯೂರ, ಕಸ್ತೂರಿ, ತರಂಗ, ತುಷಾರ. ಚಂದಮಾಮ ಇತ್ತು. 1949ರಲ್ಲಿ ಕನ್ನಡಕ್ಕೆ ಬಂದ ಈ ಪತ್ರಿಕೆಯ ಮುಖಪುಟಕ್ಕೆ ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯರು ಮಹಾಭಾರತದ ಚಿತ್ರಗಳನ್ನು ಬರೆಯುತ್ತಿದ್ದರು. ಬಾಲಮಂಗಳವೂ ಇತ್ತು. ಕರ್ನಾಟಕದ ಮನೆಮನೆಯ ಮಕ್ಕಳು 'ಡಿಂಗ'ನಿಗಾಗಿ ಕಾದು ಕೂರುತ್ತಿದ್ದ ಆ ಕನ್ನಡ ಪತ್ರಿಕೆ ಕೇರಳದ ಕೋಟ್ಟಯಂನ ಮಂಗಳಂ ಸಂಸ್ಥೆಯದ್ದು ಎಂದು ತಿಳಿದಾಗ ನಮ್ಮ ಮಕ್ಕಳ ಕಣ್ಣು ಅರಳಿದ್ದನ್ನು ನೋಡಬೇಕಿತ್ತು.

ಮುಖಪುಟಗಳನ್ನು ನೆಲದ ಮೇಲೆ ಹರಡಿ ಮೂರು ಪ್ರಶ್ನೆ ಕೇಳಿದೆವು. ಯಾರ ಮುಖ? ಯಾವ ಮಾತು? ಹತ್ತು ಹೆಜ್ಜೆ ದೂರದಿಂದ ಏನು ಕಾಣುತ್ತದೆ? ಬಸ್‌ ನಿಲ್ದಾಣದ ಅಂಗಡಿಯಲ್ಲಿ ಪತ್ರಿಕೆಗಳನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ಒಂದರ ಮೇಲೊಂದು ತೂಗಿಸುವುದನ್ನು ನೀವೂ ನೋಡಿದ್ದೀರಿ. ಅಲ್ಲಿ ಕಾಣುವುದು ಮೇಲಿನ ನಾಲ್ಕು ಬೆರಳಗಲ ಮಾತ್ರ. ಪತ್ರಿಕೆಯ ಹೆಸರು ಮೇಲೆಯೇ ಯಾಕಿರುತ್ತದೆ ಎಂಬುದಕ್ಕೆ ಪಾಠಪುಸ್ತಕ ಬೇಡ, ಆ ಅಂಗಡಿ ಸಾಕು. ಚಂದಮಾಮದ ಮುಖಪುಟದಲ್ಲಿ ಚಿತ್ರವೇ ಕತೆ ಹೇಳುತ್ತದೆ. ವಾರಪತ್ರಿಕೆಯ ಮುಖಪುಟದಲ್ಲಿ ಒಂದು ಮುಖ, ಸುತ್ತಲೂ ಒಳಪುಟಗಳ ಆಮಿಷದ ಸಾಲುಗಳು. ಎರಡೂ ಭರವಸೆಗಳೇ, ಕೊಡುವ ರೀತಿ ಬೇರೆ.

ನಮ್ಮ ಶಾಲಾ ಪತ್ರಿಕೆಗೆ ಮಕ್ಕಳು 'ಚಂದ್ರಗಿರಿ' ಎಂದು ಹೆಸರಿಟ್ಟಿದ್ದರು. ಅಂತರ್ಜಾಲದಲ್ಲಿ ಸಿಕ್ಕಿದ ಒಂದು ಇಂಗ್ಲಿಷ್ ಮಾದರಿಗೆ ಆ ಹೆಸರನ್ನು ತುಂಬಿಸಿದರು. ಮುದ್ರಿಸಿ ನೋಡಿದರೆ ಹೆಸರು 'ಚಂದಗಿರಿ' ಆಗಿದೆ! ಹೆಸರಿನ ಕೆಳಗಿದ್ದ ಬಣ್ಣದ ಪಟ್ಟಿ 'ದ್ರ' ಅಕ್ಷರದ ಒತ್ತನ್ನು ನುಂಗಿಹಾಕಿತ್ತು. ಇಂಗ್ಲಿಷಿನ ದೊಡ್ಡಕ್ಷರಗಳು ಸಾಲಿನ ಮೇಲೆ ಕೂರುತ್ತವೆ, ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ಆ ಮಾದರಿ ಮಾಡಿದವನಿಗೆ ಇದು ಗೊತ್ತಿರಲು ಹೇಗೆ ಸಾಧ್ಯ? ಆಗ ಒಬ್ಬಳು ಗೋಣಿಯಿಂದ ಬಂದ ಪತ್ರಿಕೆಗಳನ್ನೆಲ್ಲ ಸಾಲಾಗಿ ಇಟ್ಟು ತೋರಿಸಿದಳು. ಸುಧಾ, ಮಯೂರ, ತರಂಗ, ತುಷಾರ, ಚಂದಮಾಮ, ಬಾಲಮಂಗಳ. ಒಂದರ ಹೆಸರಿನಲ್ಲೂ ಒತ್ತಕ್ಷರವಿಲ್ಲ. ಬೇಕೆಂದೇ ಹಾಗೆ ಹೆಸರಿಟ್ಟರೆಂದು ನಾವು ಹೇಳುತ್ತಿಲ್ಲ. ಆದರೆ ಇಷ್ಟು ವರ್ಷ ಇವನ್ನೆಲ್ಲ ಓದಿದ ನಮ್ಮ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ. ಒತ್ತು ಇದ್ದದ್ದು 'ಕಸ್ತೂರಿ'ಯಲ್ಲಿ. ಅದಕ್ಕೆ ಕೆಳಗೆ ಜಾಗ ಹೇಗೆ ಬಿಟ್ಟಿದ್ದಾರೆ ಎಂದು ನೋಡಿ, ಮಕ್ಕಳು ತಮ್ಮ 'ಚಂದ್ರಗಿರಿ'ಯನ್ನು ಸರಿಮಾಡಿದರು. ಇಂಕ್‌ಸ್ಕೇಪ್, ಗಿಂಪ್ ನಮ್ಮ ಶಾಲೆಗಳಲ್ಲಿ ಹೇಗೂ ಇವೆ. ಯೂನಿಕೋಡಿನ ಉಚಿತ ಅಕ್ಷರಗಳಲ್ಲಿ ನೋಟೋ, ಬಾಲೂ ತಮ್ಮ, ಗುಬ್ಬಿ, ನವಿಲು ಸಿಗುತ್ತವೆ. ಕೈಬರಹ ಚೆನ್ನಾಗಿರುವ ಮಗುವಿದ್ದರೆ ಬರೆಸಿ ಸ್ಕ್ಯಾನ್ ಮಾಡುವುದು ಇನ್ನೂ ಒಳ್ಳೆಯದು. ನಮ್ಮಲ್ಲಿ ಕೊನೆಗೆ ಹಾಗೆಯೇ ಮಾಡಿದೆವು.

ಇಷ್ಟರವರೆಗೆ ಎಲ್ಲ ಚಂದವಾಗಿಯೇ ನಡೆಯಿತು. ಆಮೇಲೆ ಬಂತು ನೋಡಿ ನಮ್ಮ ಸರದಿ.

ಪ್ರತೀ ಬೇಸಿಗೆಯಲ್ಲಿ ನಮ್ಮ ಶಾಲೆ, ಎಲ್ಲ ಶಾಲೆಗಳಂತೆ, ಮಕ್ಕಳನ್ನು ಸೇರಿಸಲು ಒಂದು ವಿಡಿಯೋ ಮಾಡಿ ವಾಟ್ಸ್‌ಆಪಿನಲ್ಲಿ ಹಂಚುತ್ತದೆ. ಜೂನ್ ತಿಂಗಳ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸಿ ಡಿವಿಜನ್ನೂ ಹುದ್ದೆಯೂ ನಿಗದಿಯಾಗುವ ಕೇರಳದಲ್ಲಿ ಅದರ ಮಹತ್ವ ಏನೆಂದು ಅಧ್ಯಾಪಕರಿಗೆ ಹೇಳಬೇಕಾಗಿಲ್ಲ. ಒಂದು ಡಿವಿಜನ್ ಹೋದರೆ ಒಬ್ಬ ಕನ್ನಡ ಅಧ್ಯಾಪಕ ಹೋದ ಹಾಗೆ. ಮಕ್ಕಳು ಒಂದು ದಿನ ಆ ವಿಡಿಯೋವನ್ನೂ ಐದು ಕಲಮ್ಮಿಗೆ ಇಳಿಸಿಕೊಂಡು ಬಂದರು. ನಾವು ಹೇಳಿಕೊಟ್ಟದ್ದೇ ಅಲ್ಲವೇ, ಬೇಡ ಅನ್ನುವ ಹಾಗಿಲ್ಲ! ಎರಡು ನಿಮಿಷ ಹತ್ತು ಸೆಕೆಂಡಿನ ವಿಡಿಯೋ. ಹಿನ್ನೆಲೆಯಲ್ಲಿ ಒಂದು ಮಲಯಾಳ ಸಿನಿಮಾ ಹಾಡು. ತೆರೆಯ ಮೇಲೆ ಇಂಗ್ಲಿಷ್ ಘೋಷಣೆಗಳು. ಶಾಲಾ ಬಸ್ಸು ಮೂರು ಸಲ, ಸ್ಮಾರ್ಟ್ ಕ್ಲಾಸ್ ನಾಲ್ಕು ಸಲ, ಫುಲ್ ಎ ಪ್ಲಸ್ ಬಂದವರ ಫ್ಲೆಕ್ಸು ಎರಡು ಸಲ. ಗ್ರಂಥಾಲಯ ಇಲ್ಲ. ಕನ್ನಡ ಕೇಳಿಸುವುದು ಹದಿನಾಲ್ಕು ಸೆಕೆಂಡು, ಅದೂ ಮುಖ್ಯೋಪಾಧ್ಯಾಯರ ಸ್ವಾಗತದ ಎರಡು ವಾಕ್ಯ.

ಕನ್ನಡ ಮಾಧ್ಯಮ ಶಾಲೆಯ ವಿಡಿಯೋದಲ್ಲಿ ಕನ್ನಡ ಹದಿನಾಲ್ಕು ಸೆಕೆಂಡು. ಸ್ಟಾಫ್ ರೂಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆ ವಿಡಿಯೋ ಮಾಡಿದ್ದು ಹೊರಗಿನವರಲ್ಲ, ನಾವೇ. ಕನ್ನಡ ಎಂದು ಜೋರಾಗಿ ಹೇಳಿದರೆ ಪೋಷಕರು ಬೆನ್ನು ತಿರುಗಿಸಿಯಾರು ಎಂಬ ಹೆದರಿಕೆಯಿಂದ ಹಾಗೆ ಮಾಡಿದೆವು. 1956ರ ನವೆಂಬರ್ ಒಂದರಿಂದ ಈ ನೆಲ ಕೇರಳಕ್ಕೆ ಸೇರಿದ್ದು, 1967ರ ಮಹಾಜನ ವರದಿ ಚಂದ್ರಗಿರಿಯ ಉತ್ತರ ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕು ಎಂದದ್ದು, ಅದು ಜಾರಿಯಾಗದೆ ಉಳಿದದ್ದು, ಇದನ್ನೆಲ್ಲ ವೇದಿಕೆಯಲ್ಲಿ ಆವೇಶದಿಂದ ಹೇಳುತ್ತೇವೆ. ಕನ್ನಡ ತಿಳಿಯದ ಅಧ್ಯಾಪಕರನ್ನು ಕನ್ನಡ ತರಗತಿಗೆ ಹಾಕಿದಾಗ ಧರಣಿ ಕೂರುತ್ತೇವೆ, ಕೂರಲೇಬೇಕು. ಆದರೆ ನಮ್ಮ ಕೈಯಲ್ಲೇ ಇದ್ದ ಎರಡು ನಿಮಿಷದಲ್ಲಿ ಕನ್ನಡವನ್ನು ಹಿಂದಕ್ಕೆ ತಳ್ಳಿದವರು ಯಾರು? ಬೆಂಗಳೂರಿನವರೂ ಅಲ್ಲ, ತಿರುವನಂತಪುರದವರೂ ಅಲ್ಲ.

ಇಂಥ ಪ್ರಾಜೆಕ್ಟುಗಳ ಬಗ್ಗೆ ಆಕ್ಷೇಪಗಳೂ ಬಂದವು, ಅವನ್ನು ಮುಚ್ಚಿಡುವುದಿಲ್ಲ. ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಒಬ್ಬ ತಂದೆ ಎದ್ದುನಿಂತು, "ಮಾಷ್ಟ್ರೇ, ಮಕ್ಕಳು ಮನೆಯಲ್ಲಿ ನೋಡುವ ಸಿನಿಮಾ ಸಾಲದು ಅಂತ ಶಾಲೆಯಲ್ಲೂ ತೋರಿಸುವುದಾ? ಕನ್ನಡದಲ್ಲಿ ಒತ್ತು ದೀರ್ಘ ಸರಿ ಬರೆಯುವುದಿಲ್ಲ, ಮೊದಲು ಅದನ್ನು ಕಲಿಸಿ" ಅಂದರು. ಅವರ ಮಾತಿನಲ್ಲಿ ನ್ಯಾಯ ಇದೆ. ಪಾಠದ ಸಮಯ ತಿನ್ನುತ್ತದೆ, ಮೊಬೈಲಿಗೆ ಇನ್ನೊಂದು ನೆಪ ಸಿಗುತ್ತದೆ. ಆದರೆ ಒತ್ತು ಬಿಟ್ಟರೆ ಏನಾಗುತ್ತದೆ ಎಂದು ನಮ್ಮ ಮಕ್ಕಳು ಆ ವರ್ಷ ಕಲಿತದ್ದು ಕಾಪಿ ಬರೆದಲ್ಲ, 'ಚಂದಗಿರಿ'ಯನ್ನು ನೋಡಿ. ಮೊಬೈಲಂತೂ ಅವರ ಕೈಯಲ್ಲಿ ಇದ್ದೇ ಇದೆ. ಅದರೊಳಗೆ ದಿನವಿಡೀ ಓಡುವುದು ಟ್ರೇಲರುಗಳು, ಮುಖಪುಟಗಳು, ಜಾಹೀರಾತುಗಳು. ಎಣಿಸಿ ನೋಡಲು ಕಲಿಸದಿದ್ದರೆ ಬರೀ ನೋಡುವುದಂತೂ ತಪ್ಪುವುದಿಲ್ಲ.

ಇನ್ನು ಕೆಲವರು ಕೃತಿಸ್ವಾಮ್ಯದ ಹೆದರಿಕೆ ಹುಟ್ಟಿಸಿದರು. 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ವಿಧಿ ಅಧ್ಯಯನ, ವಿಮರ್ಶೆಗೆ ಮತ್ತು ಪಾಠದ ಭಾಗವಾಗಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಬಳಸುವುದಕ್ಕೆ ಅವಕಾಶ ಕೊಟ್ಟಿದೆ. ತರಗತಿಯೊಳಗೆ ಒಂದು ಟ್ರೇಲರ್ ಬಿಚ್ಚಿ ನೋಡಿದರೆ ಯಾರೂ ಹಿಡಿದುಕೊಂಡು ಹೋಗುವುದಿಲ್ಲ. ಆದರೆ ಬೇರೆಯವರ ಹಾಡು ಹಾಕಿದ ವಿಡಿಯೋವನ್ನು ಊರಿಗೆಲ್ಲ ಹಂಚುವುದು ಬೇರೆ ವಿಷಯ. ಈ ಲೆಕ್ಕದಲ್ಲಿಯೂ ತಪ್ಪಿತಸ್ಥರು ಮಕ್ಕಳಲ್ಲ, ನಮ್ಮ ಆ ವಿಡಿಯೋ! ಹಾಗೆಯೇ ಮಕ್ಕಳ ಮುಖ ಕಾಣುವ ಚಿತ್ರ ಹೊರಗೆ ಹೋಗುವ ಮೊದಲು ಮನೆಯವರ ಒಪ್ಪಿಗೆ ಪತ್ರ ತೆಗೆದುಕೊಳ್ಳುವುದನ್ನೂ ನಾವು ಆಮೇಲೆಯೇ ಶುರುಮಾಡಿದ್ದು.

ನಮ್ಮ ಅಭಿಪ್ರಾಯ ಇಷ್ಟು. ಗಡಿಯ ಕನ್ನಡ ಶಾಲೆಗೆ ಇಂಥ ಅಭ್ಯಾಸ ಶೋಕಿಯಲ್ಲ. ಬೇರೆಯವರು ನಮ್ಮನ್ನು ಹೇಗೆ ತೋರಿಸುತ್ತಾರೆ ಎಂದು ದೂರುವ ಮೊದಲು, ನಾವು ನಮ್ಮನ್ನು ಹೇಗೆ ತೋರಿಸಿಕೊಳ್ಳುತ್ತಿದ್ದೇವೆ ಎಂದು ಎಣಿಸುವುದನ್ನು ಅದು ಕಲಿಸುತ್ತದೆ. ಅಭ್ಯಾಸವೆಂದರೆ ಚಿತ್ರ ಅಂಟಿಸುವುದಲ್ಲ. ಹತ್ತು ಟ್ರೇಲರ್ ನೋಡುವ ಬದಲು ಎರಡನ್ನೇ ಸೆಕೆಂಡು ಸೆಕೆಂಡಾಗಿ ಬರೆಸಿ. ಒಂದು ನಮ್ಮ ಭಾಷೆಯದ್ದು, ಒಂದು ಪಕ್ಕದ ಭಾಷೆಯದ್ದು. ಮುಖಪುಟಗಳನ್ನು ಅಟ್ಟದಿಂದ ಇಳಿಸಿ. ಕೊನೆಗೆ ಅದೇ ಪ್ರಶ್ನೆಗಳನ್ನು ಶಾಲೆಯ ವಿಡಿಯೋಗೂ ಫ್ಲೆಕ್ಸಿಗೂ ಹಾಕಿಸಿ. ಅಂಕ ಕೊಡುವಾಗ ಮಾಡಿದ ಟ್ರೇಲರಿನ ಅಂದಕ್ಕಿಂತ ಟಿಪ್ಪಣಿ ಪುಸ್ತಕದ ಪ್ರಾಮಾಣಿಕತೆಗೆ ಹೆಚ್ಚು ಅಂಕ ಇರಲಿ.

ಅಂದ ಹಾಗೆ, ಅಕ್ಕ ತಂಗಿಯರ ಟ್ರೇಲರ್ ಎರಡನೇ ಸಲ ತಯಾರಾಯಿತು. ಕಪ್ಪು ಕನ್ನಡಕ ಹೋಯಿತು. ಹುಡುಗನಿಗೆ ಬೇಸರವಾಯಿತು, ಅವನನ್ನು ಕ್ಯಾಮರಾ ಹಿಡಿಯಲು ಹಾಕಿದೆವು. ತೋಡಿನ ಸದ್ದು, ದಡದಲ್ಲಿ ನಿಂತು ಅಕ್ಕ ತುಳುವಿನಲ್ಲಿ ಕೂಗುವುದು, ಆಚೆಯಿಂದ ಬ್ಯಾರಿ ಅಜ್ಜನೊಬ್ಬರು ತಮ್ಮ ಭಾಷೆಯಲ್ಲಿ ಉತ್ತರ ಕೊಡುವುದು, ತರಗತಿಯಲ್ಲಿ ಕನ್ನಡದ ಹಾಜರಿ ಕರೆಯುವಾಗ ಎರಡು ಹೆಸರಿಗೆ ಉತ್ತರ ಬಾರದೆ ಇರುವುದು. ಅಷ್ಟೇ. ಕ್ಯಾಮರಾ ಅಲ್ಲಲ್ಲಿ ಅಲ್ಲಾಡುತ್ತದೆ, ಗಾಳಿಯ ಸದ್ದು ಮಾತನ್ನು ನುಂಗುತ್ತದೆ. ಹೆಸರು ಮಾತ್ರ ಕನ್ನಡದಲ್ಲಿ, ಒತ್ತು ಸಮೇತ.

ಈ ಬೇಸಿಗೆಯ ಪ್ರವೇಶಾತಿ ವಿಡಿಯೋವನ್ನು ಮಕ್ಕಳಿಗೇ ಬಿಡಬೇಕೆಂದು ಸ್ಟಾಫ್ ಸಭೆಯಲ್ಲಿ ಮಾತಾಗಿದೆ. ಎಲ್ಲರಿಗೂ ಒಪ್ಪಿಗೆ ಇಲ್ಲ. ಕನ್ನಡ ಹೆಚ್ಚಾದರೆ ಮಕ್ಕಳು ಕಡಿಮೆಯಾದಾರು ಎಂಬ ಹೆದರಿಕೆ ಇನ್ನೂ ಹಾಗೆಯೇ ಇದೆ, ಆರನೇ ಕೆಲಸದ ದಿನವೂ ಬಂದೇ ಬರುತ್ತದೆ. ನಿಮ್ಮ ಶಾಲೆಯ ವಿಡಿಯೋದಲ್ಲಿ ಕನ್ನಡ ಎಷ್ಟು ಸೆಕೆಂಡು ಇದೆ? ಒಮ್ಮೆ ಎಣಿಸಿ ನೋಡಿ. ಹಾಗೆಯೇ ಹಳೆಯ ಶಾಲಾ ಪತ್ರಿಕೆ, ಕೈಬರಹ ಪತ್ರಿಕೆ ಏನಾದರೂ ಕಪಾಟಿನಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಮುಂದಿನ ವರ್ಷದ ಮಕ್ಕಳಿಗೆ ಬೇಕಾಗುತ್ತದೆ.